ಹೊಟ್ಟೆ ಉರಿಯ ಮಾತ್ರೆ

ನರ್ಸಿಂಗ್ ಶಾಲೆಯ ಮೇಷ್ಟ್ರಿಗೆ ಪ್ರಾಸದ ಚಟ. ಔಷಧಿಯ ಹೆಸರಿನ ಬಾಲ ಹಿಡಿದರೆ ಸಾಕು, ಕುಲಗೋತ್ರ ಗೊತ್ತಾಗುತ್ತದೆ ಎನ್ನುತ್ತಿದ್ದರು. ಹೃದಯದ ವೇಗ ತಗ್ಗಿಸುವ ಮಾತ್ರೆಗಳಿಗೆ, ‘ಲೋಲ್ ಎಂದರೆ ಲಾಲಿ, ಎದೆಬಡಿತಕ್ಕೆ ಜೋಲಿ.’ ಹುಡುಗಿಯರು ಕಾರಿಡಾರಿನುದ್ದಕ್ಕೂ ಅದನ್ನು ಗುನುಗುತ್ತಾ ಬಂದರೆ ವಾರ್ಡಿನ ಹಿರಿಯ ಸಿಸ್ಟರ್‌ಗೆ ಮೈ ಉರಿಯುತ್ತಿತ್ತು. ಬಾಲ ನೋಡಿ ಹಸು ಕೊಂಡವನನ್ನು ಅವಳು ಈವರೆಗೆ ಕಂಡಿರಲಿಲ್ಲ.

ಆ ಬೆಳಿಗ್ಗೆ ವಾರ್ಡಿನಲ್ಲಿ ಪರೀಕ್ಷೆ; ನಡೆಸುವವಳು ಸಿಸ್ಟರೇ. ಎದುರಿಗೆ ನಿಂತಿದ್ದವಳು ಆಗಲೇ ಒಮ್ಮೆ ನಪಾಸಾದ ಹುಡುಗಿ; ಇನ್ನೊಮ್ಮೆ ಎಡವಿದರೆ ಇಡೀ ವರ್ಷ ನೀರಿಗೆ ಬಿದ್ದಂತೆ. ಕೊಟ್ಟ ಕೆಲಸ ಸಣ್ಣದು. ಮೂರನೇ ಮಂಚದ ರೋಗಿ ಮನೆಗೆ ಹೊರಟಿದ್ದ; ಅವನ ಹೆಂಡತಿಗೆ ಮಾತ್ರೆಯ ವಿಷಯ ತಿಳಿಸಬೇಕು.

ಹುಡುಗಿ ಚೀಟಿ ನೋಡಿದಳು. ಅರಿಪಿಪ್ರಜೋಲ್. ತುಟಿ ಸಣ್ಣಗೆ ಅಲುಗಿತು: ‘ಪ್ರಜೋಲ್ ಬಂದರೆ ಸರಿ, ಓಡೀತು ಹೊಟ್ಟೆ ಉರಿ.’ ಮುಖ ಅರಳಿತು.

“ಅಮ್ಮಾ, ಇದು ಹೊಟ್ಟೆ ಉರಿಗೆ. ಕಮ್ಮಿ ಆದ್ಮೇಲೆ ನಿಲ್ಲಿಸಿಬಿಡಿ.”

ಹೆಂಡತಿ ಬಟ್ಟೆ ಮಡಿಸುವುದನ್ನು ಬಿಟ್ಟಳು. “ಹೊಟ್ಟೆ ಉರಿ ಇವರಿಗಲ್ಲ ಕಣಮ್ಮ, ನಮ್ಮ ನಾದಿನಿಗೆ. ಇವರು ಇದನ್ನ ನುಂಗೋದು ಗೋಡೆ ಜೊತೆ ಮಾತಾಡದೇ ಇರೋಕೆ. ಹೋದ ಸಲ ನಿಲ್ಲಿಸಿದ್ದಕ್ಕೇ ಇಲ್ಲಿಗೆ ಬಂದಿದ್ದು.”

“ಗೋಡೇನೂ ಸುಮ್ನಿರ್ಲಿಲ್ಲ,” ಎಂದ ಗಂಡ, ಚಪ್ಪಲಿ ಹುಡುಕುತ್ತಾ.

ಮಾತ್ರೆ ಮನಸ್ಸಿನ ಕಾಯಿಲೆಗೆ, ಡಾಕ್ಟರನ್ನು ಕೇಳದೆ ಒಂದು ದಿನವೂ ಬಿಡಬಾರದು ಎಂದು ಸಿಸ್ಟರ್ ತಾನೇ ತಿಳಿಸಿ ಕಳಿಸಿದಳು. ಆಮೇಲೆ ಹಾಳೆಯ ಮೇಲೆ ‘ನಪಾಸು’ ಎಂದು ಬರೆದಳು.

ಮಧ್ಯಾಹ್ನ ಮೇಷ್ಟ್ರು ಬಂದರು. “ಒಂದು ಮಾತ್ರೆಗೋಸ್ಕರ ಹುಡುಗಿಯ ವರ್ಷ ಹಾಳು ಮಾಡ್ತೀರಾ? ಇವಳೊಬ್ಬಳನ್ನ ಬಿಟ್ರೆ ನನ್ನ ಪದ್ಯ ಕಲಿತೋರು ಆರು ವರ್ಷದಿಂದ ಪಾಸಾಗ್ತಾನೇ ಇದ್ದಾರೆ.”

“ರೋಗಿಗಳು?”

ಮೇಷ್ಟ್ರು ಪೆನ್ನು ತೆಗೆದರು. “ಆಯ್ತು, ಒಂದು ಸಾಲು ಸೇರಿಸ್ತೀನಿ. ‘ಅರಿಪಿ ಬಂದರೆ ಅರಿವು...’”

“ಯಾರಿಗೆ ಬರಬೇಕು ಅಂತ್ಲೂ ಬರೀರಿ, ಮೇಷ್ಟ್ರೇ.”

ಅವರು ಹೋದರು. ಹುಡುಗಿ ಹೋಗಲಿಲ್ಲ. ಮೂಗು ಒರೆಸಿಕೊಂಡು ಬಾಗಿಲಲ್ಲೇ ನಿಂತಿದ್ದಳು.

“ಇಷ್ಟೊಂದು ಹೆಸರು ನೀವು ಹೇಗೆ ನೆನಪಿಟ್ಕೊಳ್ತೀರಿ, ಸಿಸ್ಟರ್?”

“ಇಟ್ಕೊಳ್ಳಲ್ಲ. ಪ್ರತಿ ಸಲ ಓದ್ತೀನಿ.” ಸಿಸ್ಟರ್ ಔಷಧಿಯ ಗಾಡಿಯನ್ನು ಅವಳತ್ತ ತಳ್ಳಿದಳು. “ಹೇಗೂ ಇನ್ನೊಂದು ವರ್ಷ ಇದೆಯಲ್ಲ. ಓದು. ತಲೆಯಿಂದ ಬಾಲದವರೆಗೆ.”

ಹುಡುಗಿ ಮೊದಲ ಡಬ್ಬಿಯನ್ನು ಬೆಳಕಿಗೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸತೊಡಗಿದಳು.