ವೆಳ್ಳೈಯಮ್ಮಾಳ ತಲೆಗೆ ಎಣ್ಣೆ

ಎಣ್ಣೆ ಬಟ್ಟಲಿಗೆ ಬೆರಳು ಅದ್ದಿದ ಪಾಂಡೀಶ್ವರಿ ಹಾಗೇ ಹಿಂದಕ್ಕೆ ಸರಿದಳು. ಹಲಗೆಯ ಮೇಲೆ ವೆಳ್ಳೈಯಮ್ಮಾಳ ಹೆಣ ಕಡೆಯ ಸ್ನಾನಕ್ಕೆ ಕಾದಿತ್ತು. ನೆಂಟ ಹೆಂಗಸರು ತಲೆಗೆ ಎಣ್ಣೆ, ಸೀಗೆಪುಡಿ ಹಚ್ಚದೆ ನೀರು ಹೊಯ್ಯುವಂತಿಲ್ಲ.

"ಮೈಯೆಲ್ಲ ಪೊರೆ ಪೊರೆ ಅದೆ. ನಮ್ಗೂ ಅಂಟ್ಕಂಡ್ರೆ?" ಎಂದಳು ಪಾಂಡೀಶ್ವರಿ.

"ಕೆಮ್ಮಿ ಕೆಮ್ಮಿ ಬೇರೆ ಸತ್ತವ್ಳೆ," ಎಂದಳು ಇನ್ನೊಬ್ಬಳು.

ಅಯ್ಯೋ, ಇವರ ಬಾಯಿಗಿಷ್ಟು ಮಣ್ಣು ಹಾಕ! ಸೊಟ್ಟ ಬೆರಳಲ್ಲೇ ಕತ್ತರಿ ಹಿಡಿದು, ದ್ರಾಕ್ಷಿ ಗೊಂಚಲು ಸವರುವುದರಲ್ಲಿ ಇವರನ್ನೆಲ್ಲ ಹಿಂದೆ ಹಾಕಿದವಳು ವೆಳ್ಳೈಯಮ್ಮಾಳ್. ಇವರಿಗೆ ಆ ಕೆಲಸ ಕಲಿಸಿದವಳೂ ಅವಳೇ.

ವೆಳ್ಳೈಯಮ್ಮಾಳನ್ನು ಚಿತ್ತಿ, ಅಂದರೆ ಚಿಕ್ಕಮ್ಮ ಎಂದು ಕರೆಯುತ್ತಿದ್ದ ಅಮುದಾ ಗೋಡೆಗೊರಗಿ ನಿಂತಿದ್ದಳು. ಮೊಣಕೈ ಮುಚ್ಚುವ ಅವಳ ರವಿಕೆಯೊಳಗೂ ಅದೇ ಪೊರೆ. ಊರಿಗೆ ಗೊತ್ತಿಲ್ಲ. ಎದುರಿಗೇ ಕೂತಿದ್ದ ಮುನಿಯಮ್ಮಾಳಿಗಂತೂ ಗೊತ್ತೇ ಇಲ್ಲ. ಬರುವ ತಿಂಗಳು ಆಕೆಯ ಮಗ ಎಳಿಲನ ಜೊತೆ ಅಮುದಾಳ ಮದುವೆ. ಈಗ ತೋಳು ಮೇಲೇರಿಸಿದರೆ ಆ ಮದುವೆ ಮುರಿದಂತೆಯೇ.

*

ಹೋದ ವರ್ಷ ಅಮುದಾಳ ಬೆರಳ ಗಂಟುಗಳು ಊದಿದ್ದನ್ನು ಕಂಡುಹಿಡಿದವಳು ವೆಳ್ಳೈಯಮ್ಮಾಳ್ ಒಬ್ಬಳೇ.

"ಯಾರ್ಗೂ ಹೇಳ್ಬೇಡ ಚಿತ್ತಿ."

"ಹೇಳಕ್ಕಿಲ್ಲ ಮಗಾ. ಆದ್ರೆ ನನ್ ಜೊತೆ ತೇನಿ ಆಸ್ಪತ್ರೆಗೆ ಬಾ. ಚರ್ಮಕ್ಕೆ ಎಣ್ಣೆ, ಗಂಟಿಗೆ ಕಟ್ಟು, ಕೆಮ್ಮಿಗೆ ಕಷಾಯ ಅಂತ ಮೂರು ಬಾಗ್ಲು ತಟ್ಟಿದೆ ನಾನು. ಮೂರರೊಳ್ಗೂ ಇದ್ದ ಕಳ್ಳ ರೋಗ ಒಂದೇ. ಅದು ಎದೆಗಿಳಿದ್ ಮೇಲೆ ಗೊತ್ತಾತು."

ಆಸ್ಪತ್ರೆಯ ಮೆಟ್ಟಿಲಲ್ಲಿ ವೆಳ್ಳೈಯಮ್ಮಾಳ್ ಉಸಿರು ಸಾಲದೆ ಎರಡು ಸಲ ಕೂತಳು. ಅಮುದಾಳ ಸ್ಕ್ಯಾನ್ ನೋಡಿದ ಡಾಕ್ಟರು, "ಶ್ವಾಸಕೋಶ ಚೆನ್ನಾಗಿದೆ. ಮಾತ್ರೆ ಬಿಡಬೇಡ. ಕೆಮ್ಮು ಬಂದರೆ ತಕ್ಷಣ ಬಾ. ಇದು ಯಾರಿಗೂ ಅಂಟುವ ರೋಗವಲ್ಲ," ಎಂದರು. ತನ್ನ ಶ್ವಾಸಕೋಶ ಗಟ್ಟಿಯಾಗಿಬಿಟ್ಟಿದೆ ಎಂದು ಹಿಂದೆ ಅದೇ ಕೋಣೆಯಲ್ಲಿ ಕೇಳಿಸಿಕೊಂಡಿದ್ದ ವೆಳ್ಳೈಯಮ್ಮಾಳ್, ತನಗೇ ವಾಸಿಯಾದಷ್ಟು ಖುಷಿಯಿಂದ ಅಮುದಾಳಿಗೆ ಪರೋಟ ಕೊಡಿಸಿದಳು. ಅಂಥ ಮನಸ್ಸು ಎಷ್ಟು ಜನಕ್ಕಿರುತ್ತದೆ?

*

"ಹೊತ್ತಾಗ್ತದೆ, ಬೇಗ ಮುಗಿಸ್ರವ್ವಾ!" ಬೀದಿಯಿಂದ ಗಂಡಸರು ಕೂಗಿದರು.

ಅಮುದಾ ಮುನಿಯಮ್ಮಾಳತ್ತ ನೋಡಿದಳು, ಹೆದರಿದಳು, ಆದರೂ ಹೋದಳು. ಹಲಗೆಯ ಪಕ್ಕ ಕೂತು ರವಿಕೆಯ ತೋಳನ್ನು ಮೊಣಕೈ ದಾಟಿಸಿ ಮೇಲೇರಿಸಿದಳು.

"ನಂಗೂ ಅದೆ, ನೋಡ್ಕಳಿ. ಒಂದೇ ಚಾಪೇಲಿ ಮಲಗೋ ನನ್ ತಂಗೀಗೆ ಅಂಟಿಲ್ಲ. ನಿಮ್ಗೆ ಅಂಟತದಾ?"

ಅಮುದಾ ಎಣ್ಣೆ ಹಚ್ಚತೊಡಗಿದಳು. ತಿಕ್ಕಿದ ಭಾರಕ್ಕೆ ವೆಳ್ಳೈಯಮ್ಮಾಳ ತಲೆ ಒಂದು ಕಡೆಗೆ ವಾಲಿತು.

ಮುನಿಯಮ್ಮಾಳ್ ಎದ್ದು ಬಂದಳು. ಅಮುದಾಳ ಮೊಣಕೈಯನ್ನು ಬಗ್ಗಿ ನೋಡಿದಳು.

"ನಂಗ್ಯಾಕೆ ಹೇಳ್ನಿಲ್ಲ?"

ಅಮುದಾ ಮತ್ತೆ ಎಣ್ಣೆಗೆ ಬೆರಳು ಅದ್ದಿದಳು.

ಮುನಿಯಮ್ಮಾಳ್ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹಲಗೆಯ ತಲೆಗಡೆ ಕುಕ್ಕರಗಾಲಲ್ಲಿ ಕೂತಳು. ವಾಲಿದ ತಲೆಯನ್ನು ಎರಡೂ ಅಂಗೈಯಲ್ಲಿ ಎತ್ತಿ, ಅಮುದಾಳಿಗೆ ಎಟುಕುವಂತೆ ಹಿಡಿದುಕೊಂಡಳು.