ಹನ್ನೆರಡು ಸೂಜಿ

ಮೇಸ್ತ್ರಿ ಬರುವ ಮುಂಚೆ ನಾನು ಹನ್ನೆರಡು ಸೂಜಿಗಳಿಗೆ ದಾರ ಪೋಣಿಸಿ ಚಿಕ್ಕಮ್ಮನ ಪುಟ್ಟ ದಿಂಬಿಗೆ ಚುಚ್ಚಿಡುತ್ತೇನೆ. ಅಂಗಿಯ ಕಾಜಾ, ಅಂದರೆ ಗುಂಡಿ ತೂರುವ ಕಂಡಿ ಹೊಲಿಯುವುದರಲ್ಲಿ ಚಿಕ್ಕಮ್ಮನದು ಎತ್ತಿದ ಕೈ. ಆದರೆ ಎರಡು ವರ್ಷದಿಂದ ಹತ್ತಿರದ್ದು ಕಾಣದೆ ಬೆರಳಿನ ಅಂದಾಜಿನಲ್ಲೇ ಹೊಲಿಯುತ್ತಿದ್ದಾಳೆ. ಮೇಸ್ತ್ರಿಗೆ ಗೊತ್ತಾದರೆ ಕೆಲಸ ಹೋದಂತೆಯೇ.

ಅವತ್ತು ಕಣ್ಣಿನ ಕಾಲೇಜಿನ ನಾಲ್ವರು ಹುಡುಗಿಯರು ತಮ್ಮ ಮೇಡಂ ಜೊತೆ ನಮ್ಮ ಹೊಲಿಗೆ ಕೋಣೆಗೆ ಬಂದರು. ದುಡಿಯುವವರ ಕಣ್ಣನ್ನು ಪುಕ್ಕಟೆ ನೋಡಬೇಕು, ಅದರಿಂದ ಕಲಿತದ್ದನ್ನು ಬರೆದು ಒಪ್ಪಿಸಬೇಕು. ಅದೇ ಅವರ ಪಾಠವಂತೆ.

"ಹೋಗಮ್ಮ, ನೀನೂ ಕೂತ್ಕೋ," ಎಂದರು ಮೇಸ್ತ್ರಿ, ಚಿಕ್ಕಮ್ಮನಿಗೆ. "ಕಣ್ಣು ಕಾಣದವರನ್ನ ಇಟ್ಕೊಂಡು ನಾನೇನು ಕಣ್ಣಾಮುಚ್ಚಾಲೆ ಆಡ್ಲಾ?"

ಎಲ್ಲರೂ ನಕ್ಕರು. ಚಿಕ್ಕಮ್ಮ ನಗಲಿಲ್ಲ.

ನಾಲ್ವರಲ್ಲಿ ಜಡೆಯ ಹುಡುಗಿ ದಪ್ಪ ಚೌಕಟ್ಟೊಂದನ್ನು ಅವಳ ಮೂಗಿಗೇರಿಸಿ, ಅಕ್ಷರದ ಹಾಳೆ ಕೈಗಿತ್ತು, ಒಂದೊಂದೇ ಗಾಜು ಹಾಕಿದಳು.

"ಓದಿ, ಆಂಟಿ."

"ಆಗಲ್ಲಮ್ಮ."

"ಈಗ?"

"ಊಹೂಂ."

ಗಾಜು ದಪ್ಪವಾಗುತ್ತಲೇ ಹೋಯಿತು. ಮೇಸ್ತ್ರಿಯ ಮುಖ ಬಿಗಿಯಿತು. "ಪೂರಾ ಹೋಗಿದ್ಯಾ ಹಾಗಾದ್ರೆ?"

ಹೊಸಬರ ಮುಂದೆ ನನಗೆ ಬಾಯೇ ಏಳುವುದಿಲ್ಲ. ಅವತ್ತು ಹೇಗೋ ಎದ್ದಿತು. "ಚಿಕ್ಕಮ್ಮಂಗೆ ಅಕ್ಷರ ಬರಲ್ಲ. ಕಾಜಾ ಕೊಡಿ, ಹೊಲಿಗೆ ಎಣಿಸ್ತಾಳೆ."

ಹುಡುಗಿಯ ಕಿವಿ ಕೆಂಪಾಯಿತು. ಮೇಡಂ ಮಾತ್ರ, "ಬರ್ಕೊಳ್ಳಿ. ನಾನು ಕ್ಲಾಸಲ್ಲಿ ಇದನ್ನ ಹೇಳಿಕೊಟ್ಟಿರಲಿಲ್ಲ," ಎಂದರು. ನಾಲ್ಕು ಪೆನ್ನುಗಳು ಒಟ್ಟಿಗೆ ಓಡಿದವು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ನನ್ನ ಮಾತು ಕಾಲೇಜಿನ ಪುಸ್ತಕದೊಳಗೆ ಇಳಿಯುವುದನ್ನು ಬಗ್ಗಿ ಬಗ್ಗಿ ನೋಡಿದೆ.

ಚಿಕ್ಕಮ್ಮನೇ ಹೊಲಿದ ಕಾಜಾವೊಂದನ್ನು ಕೈಗಿತ್ತು ಮತ್ತೆ ಮೊದಲಿನಿಂದ ಶುರು. ನಾಲ್ಕನೇ ಗಾಜಿಗೆ ಚಿಕ್ಕಮ್ಮ ಅಲ್ಲಾಡದೆ ಕೂತಳು.

"ಇಪ್ಪತ್ತೊಂಬತ್ತು, ಮೂವತ್ತು... ಅಯ್ಯೋ, ಈ ತುದಿ ಎಷ್ಟು ಸೊಟ್ಟ! ಇದನ್ನ ನಾನಾ ಹೊಲಿದದ್ದು?" ಆಮೇಲೆ ನನ್ನ ಗಲ್ಲ ಹಿಡಿದೆತ್ತಿದಳು. "ಮುಖದ ತುಂಬ ಮೊಡವೆ ಕಣೇ! ಯಾವಾಗಿಂದ?"

"ಎರಡು ವರ್ಷ ಆಯ್ತು, ಚಿಕ್ಕಮ್ಮ."

ಅವಳು ದಿಂಬಿನಿಂದ ಒಂದು ಸೂಜಿ ಕಿತ್ತು, ನಾನು ಪೋಣಿಸಿದ್ದ ದಾರ ಎಳೆದುಹಾಕಿ, ಹೊಸ ದಾರದ ತುದಿ ಕಚ್ಚಿದಳು. ಮಿಷನ್ನುಗಳೆಲ್ಲ ನಿಂತಿದ್ದವು. ಒಂದೇ ಸಲಕ್ಕೆ ದಾರ ತೂರಿತು. ಅವಳ ಮುಖ ಬೆಳಗಿತು. ಸೂರ್ಯ ಹುಟ್ಟುವುದನ್ನು ಅಷ್ಟು ಹತ್ತಿರದಿಂದ ನಾನು ಕಂಡಿರಲಿಲ್ಲ.

ಮೇಸ್ತ್ರಿ ಮಿಕ್ಕ ಹನ್ನೊಂದು ಸೂಜಿಗಳನ್ನೂ ನೋಡಿದರು, ನನ್ನನ್ನೂ ನೋಡಿದರು. ಆಮೇಲೆ ಹೊಸ ಅಂಗಿಯೊಂದನ್ನು ಅವಳ ಮಡಿಲಿಗೆ ಹಾಕಿದರು.

"ನಿಮ್ಮ ಕನ್ನಡಕ ಮುಂದಿನ ವಾರ ಬರುತ್ತೆ, ಆಂಟಿ," ಎಂದು ಹುಡುಗಿ ಚೌಕಟ್ಟಿಗೆ ಕೈ ಚಾಚಿದಳು. ಚಾಚಿದ ಕೈ ಹಾಗೇ ನಿಂತಿತು. ಚಿಕ್ಕಮ್ಮನ ಸೂಜಿ ಆಗಲೇ ಬಟ್ಟೆಯಲ್ಲಿತ್ತು. ಎಲ್ಲರೂ ಅದನ್ನೇ ನೋಡುತ್ತಿದ್ದೆವು.

"ಈ ಒಂದು ಅಂಗಿ ಮುಗಿಯೋವರೆಗೂ ಇದು ನನ್ನ ಹತ್ರಾನೇ ಇರಲಾಮ್ಮ?"