ಪಳಗಿದ ನೀರು

ಎದ್ದು ನಿಂತ ರಭಸಕ್ಕೆ ಅವಳ ಮಡಿಲಲ್ಲಿದ್ದ ಹೂವೆಲ್ಲ ನೆಲಕ್ಕೆ ಚೆಲ್ಲಿತು. ಬೆಳಗಿನಿಂದ ಗಂಡನ ಶವದ ತಲೆಯ ಬಳಿ ಕಲ್ಲಿನಂತೆ ಕೂತಿದ್ದವಳು ದಿಢೀರನೆ ಎದ್ದದ್ದನ್ನು ಕಂಡು ಪಕ್ಕದ ಮನೆಯಾಕೆ ತೋಳು ಹಿಡಿದುಕೊಂಡಳು. ತಲೆ ಸುತ್ತಿರಬೇಕು, ಗಾಳಿ ಬಿಡಿ ಎಂದು ಯಾರೋ ಅಂದರು. ಅವಳು ತೋಳು ಬಿಡಿಸಿಕೊಂಡು, ಕೂತವರನ್ನು ದಾಟಿಕೊಂಡು, ಮೂಲೆಯಲ್ಲಿದ್ದ ಮೀನಿನ ತೊಟ್ಟಿಯ ಮುಂದೆ ಹೋಗಿ ನಿಂತಳು.

ಕರೆಂಟು ಹೋಗಿ ಬಹಳ ಹೊತ್ತಾಗಿತ್ತು. ಫ್ಯಾನಿಲ್ಲವೆಂದು ಬಂದವರೆಲ್ಲ ಪೇಪರು ಮಡಚಿ ಬೀಸಿಕೊಳ್ಳುತ್ತಿದ್ದರೇ ಹೊರತು, ತೊಟ್ಟಿಗೆ ಗಾಳಿ ಊದುವ ಪಂಪೂ ನಿಂತಿದೆ ಅನ್ನುವುದು ಯಾರ ಗಮನಕ್ಕೂ ಬಂದಿರಲಿಲ್ಲ. ಮೀನುಗಳೆಲ್ಲ ಮೇಲಕ್ಕೆ ಬಂದು, ಏದುಸಿರು ಬಿಡುವವರಂತೆ ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ದೊಡ್ಡ ಕಿತ್ತಳೆ ಮೀನು ಒಂದು ಬದಿಗೆ ವಾಲಿಬಿಟ್ಟಿತ್ತು.

ಅವಳು ಅಡುಗೆಮನೆಯಿಂದ ಚೊಂಬು ತಂದಳು. ತೊಟ್ಟಿಯ ನೀರನ್ನೇ ಮೊಗೆದು, ಕೈ ಎತ್ತರಕ್ಕೆ ಹಿಡಿದು, ಧಾರೆಯಾಗಿ ಮತ್ತೆ ತೊಟ್ಟಿಗೇ ಸುರಿದಳು. ಮತ್ತೆ ಮೊಗೆದಳು, ಮತ್ತೆ ಸುರಿದಳು. ಪಾಪ, ದುಃಖ ತಲೆಗೇರಿದೆ ಎಂದು ಹೆಂಗಸರು ಪಿಸುಗುಟ್ಟಿದರು.

ಗಂಡನ ಅಣ್ಣ ಎದ್ದು ಬಂದರು. ಆ ಮನೆತನದಲ್ಲಿ ಅವರಿಗೆ ಎದುರಾಡಿದವರಿಲ್ಲ. ತೊಟ್ಟಿಗೆ ಬಗ್ಗಿ ನೋಡಿ, ನೀರು ಹಳಸಿದೆ, ಎಲ್ಲ ಚೆಲ್ಲಿ ನಲ್ಲಿಯ ತಾಜಾ ನೀರು ತುಂಬಿದರೆ ಸರಿಹೋಗುತ್ತದೆ ಅಂದವರೇ, ಬಕೆಟ್ಟಿಗೆ ಕೈ ಹಾಕಿದರು.

“ಭಾವ, ಆ ನೀರು ಮುಟ್ಟಬೇಡಿ,” ಅಂದಳು ಅವಳು.

ಬೀಸಿಕೊಳ್ಳುತ್ತಿದ್ದ ಪೇಪರುಗಳು ಅಲ್ಲಲ್ಲೇ ನಿಂತವು.

* * *

ಬಸ್ಸಿನ ಕಂಡಕ್ಟರ್ ಕೆಲಸದಿಂದ ನಿವೃತ್ತನಾಗಿ ಮನೆಯಲ್ಲಿ ಕೂತ ವರ್ಷ ಗಂಡ ಒಂದು ಗಾಜಿನ ತೊಟ್ಟಿಯನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಅವಳಿಗೆ ಮೈಯುರಿದುಹೋಗಿತ್ತು. ಇಬ್ಬರು ಕಾಲು ಚಾಚುವುದಕ್ಕೇ ಜಾಗವಿಲ್ಲ, ಇದೊಂದು ಎರಡನೇ ಸಂಸಾರ ಬೇರೆ ಎಂದು ಗೊಣಗಿದ್ದಳು. ಅವನು ಕಿವಿಗೆ ಹಾಕಿಕೊಳ್ಳದೆ ಆ ಸಂಜೆಯೇ ನಲ್ಲಿಯ ನೀರು ತುಂಬಿಸಿ ಮೀನು ಬಿಟ್ಟು, “ಒಳಗೆ ಹೋಗ್ರಪ್ಪಾ, ಬಾಗಿಲಲ್ಲೇ ನಿಲ್ಲಬೇಡಿ,” ಅಂದಿದ್ದ.

ವಾರ ಕಳೆಯುವುದರೊಳಗೆ ಎಲ್ಲವೂ ಹೊಟ್ಟೆ ಮೇಲೆ ಮಾಡಿ ತೇಲಿದವು. ಎರಡನೆಯ ಸಲ ತಂದವೂ ಅಷ್ಟೇ. ಆ ದಿನ ಭಾವ ಬಂದಿದ್ದರು. ಚಹಾ ಹೀರುತ್ತ ನಗೆಯಾಡಿದರು: “ಬಿಡೋ, ಉಸಿರಿರೋದು ಯಾವುದೂ ನಿನ್ನ ಕೈಯಲ್ಲಿ ನಿಲ್ಲಲ್ಲ.”

ಅವರಿಗೆ ಮರೆತುಹೋಗಿದ್ದಿರಬಹುದು. ಆ ಮನೆಯಲ್ಲಿ ಬಹಳ ಹಿಂದೆ ಒಂದು ಕೂಸು ಹುಟ್ಟಿ, ಹೆಸರಿಡುವ ಮೊದಲೇ ಅಪ್ಪನ ಕೈಯಲ್ಲಿ ತಣ್ಣಗಾಗಿತ್ತು. ಗಂಡ ಸತ್ತ ಮೀನನ್ನು ಚಮಚದಲ್ಲಿ ಎತ್ತುತ್ತಲೇ ಇದ್ದ. ಅವಳು ಒಳಗೆ ಹೋಗಿ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ತೊಳೆದಳು. ಮರುದಿನ, ಬನ್ನಿ, ಇದೇನು ಅಂತ ಒಂದು ಕೈ ನೋಡೇಬಿಡೋಣ ಎಂದು ತಾನೇ ಅವನನ್ನು ಬಣ್ಣದ ಮೀನಿನ ಅಂಗಡಿಗೆ ಹೊರಡಿಸಿದಳು.

ಅಂಗಡಿಯವನು ವಿವರಿಸಿದ. ಹೊಸ ತೊಟ್ಟಿಯ ನೀರು ಹಸಿಯಂತೆ. ಮೀನಿನ ಹೊಲಸು ಅದರಲ್ಲಿ ವಿಷವಾಗುತ್ತದೆ. ಆ ವಿಷವನ್ನು ತಿಂದು ಅರಗಿಸುವ, ಕಣ್ಣಿಗೆ ಕಾಣದ ಜೀವಿಗಳು ಕಲ್ಲಲ್ಲಿ, ಸ್ಪಂಜಿನಲ್ಲಿ ಬೇರೂರುವುದಕ್ಕೆ ವಾರಗಟ್ಟಲೆ ಬೇಕು. ಒಮ್ಮೆಲೇ ನಲ್ಲಿಯ ನೀರು ತುಂಬಿದರೆ ಅದರ ಕ್ಲೋರಿನ್ನಿಗೆ ಅವೂ ಸಾಯುತ್ತವೆ. ನೀರು ಪಳಗುವ ತನಕ ಮೀನಿನ ಆಸೆ ಬಿಡಿ ಅಂದ.

ಗಂಡ ಹೆಂಡತಿ ಆ ಜೀವಿಗಳಿಗೆಂದು ಮೀನಿಲ್ಲದ ತೊಟ್ಟಿಗೆ ಚಿಟಿಕೆ ಆಹಾರ ಹಾಕುತ್ತ, ಪಂಪು ಓಡಿಸುತ್ತ ಕಾದರು. ಮೀನೆಲ್ಲಿ ಎಂದು ಬಂದವರು ಕಿಚಾಯಿಸಿದರೆ, ಬಸ್ಸು ರೆಡಿ, ಪ್ಯಾಸೆಂಜರ್ ಬರೋದೊಂದೇ ಬಾಕಿ ಅನ್ನುತ್ತಿದ್ದ ಅವನು. ಕೊನೆಗೆ ಎರಡೇ ಎರಡು ಮೀನು ತಂದರು. ಬೆಳಗಾದರೆ ಮುಖ ತೊಳೆಯುವ ಮೊದಲೇ ಇಬ್ಬರೂ ಗಾಜಿಗೆ ಮೂಗು ಹಚ್ಚಿ ನಿಲ್ಲುತ್ತಿದ್ದರು. ಮೀನು ಬದುಕಿದ್ದವು. ಮತ್ತೆರಡು ತಂದರು, ಅವೂ ಬದುಕಿದವು. ಮರಿ ಹಾಕಿದ ದಿನ ಗಂಡ ಬೀದಿಗೆಲ್ಲ ಸಿಹಿ ಹಂಚಿದ. ಅಣ್ಣನಿಗೆ ಮಾತ್ರ ಹೇಳಿಕಳಿಸಲಿಲ್ಲ.

* * *

“ಈ ನೀರು ಅವರು ಸಾಕಿದ್ದು ಭಾವ.” ಅವಳ ಕೈ ನಿಂತಿರಲಿಲ್ಲ. “ಮೀನಿಗಿಂತ ಮೊದಲು ನೀರು ಸಾಕಿದ್ರು. ಇದನ್ನ ಚೆಲ್ಲಿದ್ರೆ ಒಂದೂ ಉಳಿಯಲ್ಲ. ಹೀಗೆ ಎತ್ತರದಿಂದ ಸುರಿದ್ರೆ ನೀರಿಗೆ ಗಾಳಿ ಬೆರೆಯುತ್ತೆ, ಅಷ್ಟು ಸಾಕು. ಇವತ್ತು ಈ ಮನೇಲಿ ಇನ್ನೊಂದು ಸಾವಾಗೋಕೆ ನಾನು ಬಿಡಲ್ಲ.”

ಭಾವ ಬಕೆಟ್ಟು ಕೆಳಗಿಟ್ಟರು.

ಅವಳ ಕೈ ಸೋತು ಧಾರೆ ತಗ್ಗತೊಡಗಿತ್ತು. ಗಂಡನಿದ್ದ ಬಸ್ಸನ್ನು ವರ್ಷಾನುಗಟ್ಟಲೆ ಓಡಿಸಿದ ಡ್ರೈವರ್ ಬಾಗಿಲ ಬಳಿಯಿಂದ ಎದ್ದು ಬಂದ. “ಕೊಡಿ ಅತ್ತಿಗೆ. ಅವನ ವಿಸಿಲ್ಲಿಗೆ ಗಾಡಿ ಹೊರಡಿಸಿದ ಕೈ ಇದು,” ಎಂದು ಚೊಂಬು ತೆಗೆದುಕೊಂಡ. ಅವನು ದಣಿದಾಗ ಪಕ್ಕದ ಮನೆಯಾಕೆ, ಆಮೇಲೆ ಹಾಲಿನವನು, ಆಮೇಲೆ ಗುರುತಿಲ್ಲದ ಯಾರೋ ಹಳೇ ಪ್ಯಾಸೆಂಜರು. ಅಂಗಿಯ ತೋಳು ಮಡಚಿಕೊಳ್ಳಲೂ ಯಾರಿಗೂ ಪುರುಸೊತ್ತಿರಲಿಲ್ಲ. ಶವದ ಗಾಡಿಯವನು ತಡವಾಗುತ್ತದೆಂದು ಕೂಗಲು ಒಳಗೆ ಬಂದವನು ತಾನೂ ಸಾಲಿನಲ್ಲಿ ನಿಂತ. ನೂಕಬೇಡಿ, ಎಲ್ಲರಿಗೂ ಸೀಟಿದೆ ಎಂದು ಡ್ರೈವರ್ ಅಂದಾಗ ಕೆಲವರಿಗೆ ನಗು ಬಂತು. ಅವಳಿಗೂ ಬಂತು.

ಕೊನೆಗೆ ಭಾವ ಕೈ ಚಾಚಿದರು. ಎಷ್ಟು ಎತ್ತರದಿಂದ ಎಂದು ಕೇಳಿದರು. ಅವಳು ತೋರಿಸಿಕೊಟ್ಟಳು. ಸುರಿಯುತ್ತ ಸುರಿಯುತ್ತ ಅವರು, “ಇವು ಬಂದು ಎಷ್ಟು ಕಾಲ ಆಯ್ತಮ್ಮ?” ಅಂದರು.

“ಮೂರು ವರ್ಷ ಭಾವ. ಒಂದೂ ಅವರ ಕೈ ಬಿಟ್ಟು ಹೋಗಿಲ್ಲ.”

ಮುಂದಿನವನು ಚೊಂಬಿಗೆ ಕೈ ನೀಡಿದರೆ ಭಾವ ಕೊಡಲಿಲ್ಲ. ಕನ್ನಡಕ ಮಂಜಾಗಿತ್ತು, ಒರೆಸಿಕೊಳ್ಳದೆ ಮೊಗೆದರು, ಸುರಿದರು. ವಾಲಿದ್ದ ಕಿತ್ತಳೆ ಮೀನು ಒಮ್ಮೆ ಬಾಲ ಬಡಿದು ನೆಟ್ಟಗಾಯಿತು. ಆಮೇಲೆ ತುಸು ಹೊತ್ತಿಗೆ ಕರೆಂಟು ಬಂತು. ತಲೆಯ ಮೇಲೆ ಫ್ಯಾನು ತಿರುಗಿದ್ದನ್ನು ಒಬ್ಬರೂ ನೋಡಲಿಲ್ಲ. ಮೀನುಗಳು ಒಂದೊಂದಾಗಿ ಕೆಳಕ್ಕಿಳಿದು ಗಿಡಗಳ ನಡುವೆ ಸೇರಿಕೊಂಡವು. ಅವಳು ಬೆರಳಿಟ್ಟು ಎಣಿಸಿ, ಎಲ್ಲ ಇವೆ ಅಂದಳು.

ಆಗ ಕಂಡಕ್ಟರನನ್ನು ಎತ್ತಿದರು.

ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಅಂಗಡಿಗಳವರು ಎದ್ದು ನಿಂತು ನೋಡಿದರು. ಗಾಡಿಯ ಹಿಂದೆ ತಲೆಯೆತ್ತಿ ಅವಳು, ಪಕ್ಕದಲ್ಲಿ ಭಾವ, ಅವರ ಹಿಂದೆ ಡ್ರೈವರ್, ಅವನ ಹಿಂದೆ ಬೀದಿಗೆ ಬೀದಿಯೇ; ಒಬ್ಬೊಬ್ಬರ ಬಲತೋಳೂ ಭುಜದವರೆಗೆ ತೊಯ್ದು, ಒಣಗಿದ ರಸ್ತೆಯುದ್ದಕ್ಕೂ ನೀರು ತೊಟ್ಟಿಕ್ಕುತ್ತಿತ್ತು.